ತಾಳ ತಪ್ಪಿದ ಹೃದಯ: ಯಂತ್ರ ಅಳವಡಿಕೆಗೆ ಮುನ್ನ ಅಣು ಚಿತ್ರಣ

ಹೃದಯದ ಎಡ ಹೃತ್ಕುಕ್ಷಿಯ ಗೋಡೆಗಳು ಏಕಕಾಲಕ್ಕೆ ಸಂಕುಚಿಸಬೇಕು. ವಿದ್ಯುತ್ ಸಂಕೇತ ಸಾಗುವ ಎಡ ಕವಲು ಕೆಟ್ಟರೆ ಒಂದು ಗೋಡೆ ಮೊದಲು, ಇನ್ನೊಂದು ತಡವಾಗಿ ಮಿಡಿಯುತ್ತದೆ. ದುರ್ಬಲ ಹೃದಯಕ್ಕೆ ಈ ತಾಳಭಂಗವೂ ಸೇರಿದರೆ ಏದುಸಿರು, ಕಾಲುಬಾವು ಹೆಚ್ಚುತ್ತವೆ.

ಇದಕ್ಕೆ 'ಸಿಆರ್‌ಟಿ' ಎಂಬ ಚಿಕಿತ್ಸೆಯಿದೆ. ಸಾಮಾನ್ಯವಾಗಿ ಮೂರು ತಂತಿಗಳಿರುವ ಪೇಸ್‌ಮೇಕರ್ ಎರಡೂ ಹೃತ್ಕುಕ್ಷಿಗಳನ್ನು ಜೊತೆಯಾಗಿ ಮಿಡಿಸುತ್ತದೆ. ಆದರೆ ಸುಮಾರು ಮೂರನೇ ಒಂದರಷ್ಟು ರೋಗಿಗಳಿಗೆ ನಿರೀಕ್ಷಿತ ಫಲ ದೊರೆಯುವುದಿಲ್ಲ. ಯಂತ್ರದ ಬೆಲೆ ಲಕ್ಷಗಳಲ್ಲಿದೆ. ತಿ.ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಂಥ ಗ್ರಾಮದಿಂದ ಮೈಸೂರಿನ ಆಸ್ಪತ್ರೆಗೆ ಬರುವ ರೈತ ಕುಟುಂಬಕ್ಕೆ, ಫಲ ಸಿಗುವುದೇ ಎಂಬುದು ಬದುಕಿನ ಪ್ರಶ್ನೆ.

ಇಲ್ಲಿ ನೆರವಾಗಬಲ್ಲದು 'ಗೇಟೆಡ್ ಸ್ಪೆಕ್ಟ್' ಚಿತ್ರಣ. ಟೆಕ್ನೀಷಿಯಂ-99ಎಂ ಬೆರೆತ ಔಷಧವನ್ನು ರಕ್ತನಾಳಕ್ಕೆ ನೀಡಲಾಗುತ್ತದೆ. ಅದರ ವಿಕಿರಣ 6 ಗಂಟೆಗೊಮ್ಮೆ ಅರ್ಧದಷ್ಟಾಗುತ್ತದೆ. ಜೀವಂತ ಸ್ನಾಯು ಅದನ್ನು ಹೀರಿಕೊಳ್ಳುತ್ತದೆ. ಹಳೆಯ ಹೃದಯಾಘಾತದಿಂದ ಸತ್ತ ಭಾಗ ಮಂಕಾಗಿ ಉಳಿಯುತ್ತದೆ. ಇಸಿಜಿಗೆ ಹೊಂದಿಸಿ ಪ್ರತಿ ಮಿಡಿತವನ್ನು 8 ಅಥವಾ 16 ಚೌಕಟ್ಟುಗಳಾಗಿ ವಿಭಜಿಸಿದಾಗ, ಯಾವ ಭಾಗ ಎಷ್ಟು ತಡವಾಗಿ ಸಂಕುಚಿಸುತ್ತದೆ ಎಂಬುದೂ ತಿಳಿಯುತ್ತದೆ. ಸತ್ತ ಸ್ನಾಯುವಿನ ಮೇಲೆ ತಂತಿ ಕೂರಿಸಿದರೆ ಪ್ರಯೋಜನ ಕಡಿಮೆ. ತಡವಾಗಿ ಮಿಡಿಯುವ ಜೀವಂತ ಭಾಗವೇ ಸೂಕ್ತ ಎಂಬುದು ಇದರ ಹಿಂದಿನ ತರ್ಕ.

ಆದರೂ ಈ ಚಿತ್ರವೇ ಅಂತಿಮ ತೀರ್ಪಲ್ಲ. ತಾಳಭಂಗವನ್ನು ಎಕೋ ಪರೀಕ್ಷೆಯಿಂದ ಅಳೆದು ಫಲವನ್ನು ಊಹಿಸುವ ಯತ್ನ 2008ರ 'ಪ್ರಾಸ್ಪೆಕ್ಟ್' ಅಧ್ಯಯನದಲ್ಲಿ ಯಶಸ್ವಿಯಾಗಲಿಲ್ಲ. ಇಂದಿಗೂ ಇಸಿಜಿಯ ಕ್ಯೂಆರ್‌ಎಸ್ ಅಗಲ ಮತ್ತು ಹೃದಯದ ಪಂಪಿಂಗ್ ಪ್ರಮಾಣವೇ ನಿರ್ಧಾರದ ತಳಹದಿ; ಅಣು ಚಿತ್ರಣ ಅದಕ್ಕೆ ಪೂರಕ.