ಹೆಸರಿನೊಳಗೊಬ್ಬ ಸಿಮೋನ

‘ಕ್ವೋ ವಾದಿಸ್’ ಕಾದಂಬರಿಯ ಹೆಸರನ್ನು ಕೇಳಿದ ಕ್ರೈಸ್ತ ಬಾಂಧವರು ಹಲವರು. ಅದನ್ನು ರಚಿಸಿದವರು 1905ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಪೋಲೆಂಡಿನ ಹೆನ್ರಿಕ್ ಶೆಂಕ್ಯೆವಿಚ್ (1846–1916). ಆ ಕುಲನಾಮದ ಅರ್ಥವನ್ನು ಬಲ್ಲವರು ವಿರಳ.

ಹೆಸರಿನ ಕೊನೆಯ ‘ಎವಿಚ್’ ಸಂತತಿಸೂಚಕ ಪ್ರತ್ಯಯ. ಪೋಲಿಷ್ ಭಾಷೆಯ ಸ್ವಂತ ರೂಪ ‘ಓವಿತ್ಸ್’. ಪೂರ್ವ ಸ್ಲಾವ್ ಜನರ ನುಡಿಯಿಂದ ಬಂದ ‘ಓವಿಚ್’, ‘ಎವಿಚ್’ ರೂಪಗಳು ಕ್ರಮೇಣ ಅದರ ಸ್ಥಾನವನ್ನು ಪಡೆದವು. ‘ಶೆಂಕೊ’ ಎಂಬುದು ಸಿಮೆಯೋನ ಎಂಬ ಹೆಸರಿನ ಮುದ್ದಿನ ರೂಪ. ಆದುದರಿಂದ ಶೆಂಕ್ಯೆವಿಚ್ ಎಂದರೆ ಸಿಮೆಯೋನನ ಮಗ. ನಮ್ಮ ಕರಾವಳಿಯ ಕ್ರೈಸ್ತರಿಗೆ ಪೋರ್ಚುಗೀಸರಿಂದ ಬಂದ ಫೆರ್ನಾಂಡಿಸ್, ರೊಡ್ರಿಗಸ್ ಎಂಬ ಹೆಸರುಗಳ ಹುಟ್ಟೂ ಇಂಥದೇ: ಫೆರ್ನಾಂಡೊನ ಮಗ, ರೊಡ್ರಿಗೊನ ಮಗ.

ಸಿಮೆಯೋನ, ಸಿಮೋನ ಎರಡೂ ಒಂದೇ ಹೀಬ್ರೂ ಹೆಸರಿನ ರೂಪಗಳು. ತಿರಸ್ಕೃತಳಾದ ತನ್ನ ದುಃಖವನ್ನು ಸರ್ವೇಶ್ವರ ಆಲಿಸಿದರೆಂದು ಲೇಯಳು ಮಗನಿಗೆ ಆ ಹೆಸರಿಟ್ಟಳೆಂದು ಆದಿಕಾಂಡ ತಿಳಿಸುತ್ತದೆ. ಕಾದಂಬರಿಯಲ್ಲಿ ರೋಮನ್ನು ತೊರೆದು ಹೊರಟು, ದಾರಿಯಲ್ಲಿ ಕ್ರಿಸ್ತರನ್ನು ಕಂಡು ಹಿಂದಿರುಗುವ ಸಂತ ಪೇತ್ರರ ಮೂಲ ಹೆಸರೂ ಸಿಮೋನ. ‘ಯೋನನ ಮಗನಾದ ಸಿಮೋನ’ ಎಂದು ಪ್ರಭು ಅವರನ್ನು ತಂದೆಯ ಹೆಸರಿನೊಡನೆಯೇ ಕರೆದರು (ಮತ್ತಾಯ 16:17). ಸಿಮೋನನ ಕಥೆಯನ್ನು ಬರೆದವರು ಹೆಸರಿನಿಂದ ಸಿಮೋನನ ಮಗ!

1795ರಿಂದ 1918ರವರೆಗೆ ಸ್ವತಂತ್ರ ಪೋಲೆಂಡ್ ಇರಲಿಲ್ಲ. ರಷ್ಯದ ಆಡಳಿತಕ್ಕೊಳಪಟ್ಟ ಭಾಗದಲ್ಲಿ 1868ರ ಬಳಿಕ ಧರ್ಮಕೇಂದ್ರಗಳ ಜನನ, ವಿವಾಹ, ಮರಣ ದಾಖಲೆಗಳನ್ನೂ ರಷ್ಯನ್ ಭಾಷೆಯಲ್ಲೇ ಬರೆಯಬೇಕಾಯಿತು. ಆದರೂ ಆ ಕಾಲದ ಅನೇಕ ಪುಸ್ತಕಗಳಲ್ಲಿ ರಷ್ಯನ್ ಅಕ್ಷರಗಳ ಪಕ್ಕದಲ್ಲಿ, ಕಂಸದೊಳಗೆ, ಹೆಸರು ಪೋಲಿಷ್ ಭಾಷೆಯಲ್ಲೂ ಇದೆ. ರಾಜ್ಯವನ್ನು ಕಳೆದುಕೊಂಡ ಜನತೆಗೆ ಆ ಪುಟ್ಟ ಕಂಸವೇ ಆಶ್ರಯವಾಯಿತು.

‘ನನ್ನನ್ನು ನಾನೇ ರೂಪಿಸಿಕೊಂಡೆ’ ಎಂಬುದು ಆಧುನಿಕ ಮಾನವನ ಹೆಮ್ಮೆ. ಪಿತೃನಾಮವು ಈ ಹೆಮ್ಮೆಯನ್ನು ಮೃದುವಾಗಿ ತಿದ್ದುತ್ತದೆ. ತ್ರೈಏಕತ್ವದಲ್ಲಿ ವ್ಯಕ್ತಿತ್ವವೆಂದರೆ ಸಂಬಂಧವೇ ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಪಿತನಿಂದಲೇ ಸುತನು ಸುತ. ಮನುಷ್ಯನೂ ‘ನಾನು’ ಎನ್ನುವ ಮೊದಲೇ ಯಾರದೋ ಮಗ, ಯಾರದೋ ಮಗಳು.

ಜ್ಞಾನಸ್ನಾನಕ್ಕೆ ಮಗುವನ್ನು ಕರೆತರುವ ತಂದೆತಾಯಂದಿರು ಕಿವಿಗೆ ಇಂಪಾದ ಹೆಸರನ್ನು ಹುಡುಕುವುದು ಸಹಜ. ಅದರ ಅರ್ಥವನ್ನೂ ವಿಚಾರಿಸಲಿ. ಮಗು ಬೆಳೆದು ಕೇಳಿದಾಗ ಹೇಳಲು ಅವರಲ್ಲಿ ಒಂದು ಕಥೆಯಿರಲಿ.