ಹೊರದೇಶದಲ್ಲಿ ನಗದು: ತಾಯ್ನಾಡಿನ ಬ್ಯಾಂಕ್ ಕಾರ್ಡಿನ ಲೆಕ್ಕಾಚಾರ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೊಲ್ಲಿ ರಾಷ್ಟ್ರಗಳ ಹೆಸರು ಭೂಗೋಳದ ಪಾಠಕ್ಕಿಂತ ಮೊದಲೇ ಅನೇಕ ಮಕ್ಕಳ ಕಿವಿಗೆ ಬಿದ್ದಿರುತ್ತದೆ. ತಂದೆಯೋ ಅಣ್ಣನೋ ಸೋದರಮಾವನೋ ದುಬೈ, ಶಾರ್ಜಾಗಳಲ್ಲಿ ದುಡಿಯುತ್ತಿರುವ ಮನೆಗಳು ಅಲ್ಲಿ ಅಪರೂಪವಲ್ಲ. ಹೀಗೆ ಹೊರಡುವವರು ಮೊದಲ ಸಂಬಳ ಕೈಸೇರುವವರೆಗೆ ಊರಿನ ಉಳಿತಾಯ ಖಾತೆಯ ಡೆಬಿಟ್ ಕಾರ್ಡನ್ನೇ ನೆಚ್ಚಿಕೊಳ್ಳುವುದುಂಟು. ಕಾರ್ಡು ಹಾಕಿದರೆ ಹಣ ಬರುತ್ತದೆ ಎಂಬಷ್ಟು ತಿಳಿವಳಿಕೆ ಊರಿನಲ್ಲಿ ಸಾಕು, ಹೊರದೇಶದಲ್ಲಿ ಸಾಲದು. ಅಲ್ಲಿ ಪಡೆಯುವ ಪ್ರತಿ ನೋಟಿಗೂ ಕಣ್ಣಿಗೆ ಕಾಣದ ಬೆಲೆಯೊಂದು ಅಂಟಿಕೊಂಡಿರುತ್ತದೆ. ಶೇಕಡಾ ಲೆಕ್ಕವನ್ನೂ ಬ್ಯಾಂಕ್ ವ್ಯವಹಾರವನ್ನೂ ಬೋಧಿಸುವ ಶಿಕ್ಷಕರಿಗೆ ಅಗತ್ಯವಾದ ಹಿನ್ನೆಲೆಯನ್ನು ಇಲ್ಲಿ ಒದಗಿಸಲಾಗಿದೆ.

ಹಣ ಬರುವ ದಾರಿ

ಭಾರತೀಯ ಬ್ಯಾಂಕಿನ ಕಾರ್ಡನ್ನು ದುಬೈಯ ಎಟಿಎಂನಲ್ಲಿ ಬಳಸಿದಾಗ ಮೂರು ಸಂಸ್ಥೆಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಮೊದಲನೆಯದು ಯಂತ್ರವನ್ನು ಇಟ್ಟಿರುವ ಸ್ಥಳೀಯ ಬ್ಯಾಂಕು. ಎರಡನೆಯದು ವೀಸಾ, ಮಾಸ್ಟರ್‌ಕಾರ್ಡ್‌ಗಳಂತಹ ಕಾರ್ಡು ಜಾಲ. ಮೂರನೆಯದು ಕಾರ್ಡು ನೀಡಿದ ತಾಯ್ನಾಡಿನ ಬ್ಯಾಂಕು. ಸ್ಥಳೀಯ ಬ್ಯಾಂಕಿನ ಕೋರಿಕೆಯನ್ನು ಜಾಲವು ಭಾರತಕ್ಕೆ ತಲುಪಿಸುತ್ತದೆ. ಇಲ್ಲಿನ ಬ್ಯಾಂಕು ಖಾತೆಯ ಶಿಲ್ಕನ್ನು ಪರಿಶೀಲಿಸಿ ಒಪ್ಪಿಗೆ ಕೊಡುತ್ತದೆ. ಯಂತ್ರವು ದಿರ್‌ಹಮ್ ನೋಟುಗಳನ್ನು ನೀಡುತ್ತದೆ. ಆ ಮೊತ್ತವನ್ನು ಜಾಲದ ಅಂದಿನ ವಿನಿಮಯ ದರದಂತೆ ರೂಪಾಯಿಗೆ ಪರಿವರ್ತಿಸಿ ಖಾತೆಯಿಂದ ಕಳೆಯಲಾಗುತ್ತದೆ. ಸಂಯುಕ್ತ ಅರಬ್ ಸಂಸ್ಥಾನದ ದಿರ್‌ಹಮ್ 1997ರಿಂದ ಒಂದು ಡಾಲರಿಗೆ 3.6725ರಂತೆ ಸ್ಥಿರವಾಗಿದೆ. ಆದುದರಿಂದ ಡಾಲರಿನ ಎದುರು ರೂಪಾಯಿ ಕುಸಿದರೆ ದಿರ್‌ಹಮ್‌ನ ಬೆಲೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ.

ಬೆಲೆಯ ಪದರಗಳು

ವಿನಿಮಯ ದರದ ಮೇಲೆ ಸಾಮಾನ್ಯವಾಗಿ ನಾಲ್ಕು ಬಗೆಯ ವೆಚ್ಚಗಳು ಸೇರುತ್ತವೆ: ಯಂತ್ರದ ಒಡೆತನದ ಬ್ಯಾಂಕಿನ ಶುಲ್ಕ, ತಾಯ್ನಾಡಿನ ಬ್ಯಾಂಕು ಪ್ರತಿ ಬಾರಿಗೆ ವಿಧಿಸುವ ನಿಗದಿತ ಶುಲ್ಕ, ಕರೆನ್ಸಿ ಪರಿವರ್ತನೆಗಾಗಿ ಶೇಕಡಾ ಲೆಕ್ಕದಲ್ಲಿ ಪಡೆಯುವ ಮೊತ್ತ ಮತ್ತು ಭಾರತದಲ್ಲಿ ವಿಧಿಸುವ ಶುಲ್ಕಗಳ ಮೇಲಿನ ಜಿಎಸ್‌ಟಿ. ಇವು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗುತ್ತವೆ.

ಲೆಕ್ಕದ ಅನುಕೂಲಕ್ಕಾಗಿ ಒಂದು ದಿರ್‌ಹಮ್‌ಗೆ 23 ರೂಪಾಯಿ, ಯಂತ್ರದ ಶುಲ್ಕ 20 ದಿರ್‌ಹಮ್, ನಿಗದಿತ ಶುಲ್ಕ 125 ರೂಪಾಯಿ, ಪರಿವರ್ತನಾ ಶುಲ್ಕ ಶೇ. 3.5 ಹಾಗೂ ಜಿಎಸ್‌ಟಿ ಶೇ. 18 ಎಂದು ಭಾವಿಸೋಣ. 500 ದಿರ್‌ಹಮ್ ತೆಗೆದಾಗ ಲೆಕ್ಕ ಹೀಗಾಗುತ್ತದೆ:

ಯಂತ್ರದ ಶುಲ್ಕ ಸೇರಿ 520 ದಿರ್‌ಹಮ್: 11,960.00 ರೂಪಾಯಿ
ಪರಿವರ್ತನಾ ಶುಲ್ಕ: 418.60 ರೂಪಾಯಿ
ನಿಗದಿತ ಶುಲ್ಕ: 125.00 ರೂಪಾಯಿ
ಈ ಎರಡು ಶುಲ್ಕಗಳ ಮೇಲೆ ಜಿಎಸ್‌ಟಿ: 97.85 ರೂಪಾಯಿ
ಒಟ್ಟು: 12,601.45 ರೂಪಾಯಿ

ಕೈಗೆ ಬಂದ 500 ದಿರ್‌ಹಮ್‌ನ ಬೆಲೆ 11,500 ರೂಪಾಯಿ ಮಾತ್ರ. ಹೆಚ್ಚುವರಿಯಾಗಿ ತೆತ್ತದ್ದು 1,101.45 ರೂಪಾಯಿ, ಅಂದರೆ ಸುಮಾರು ಶೇ. 9.6. ಇದೇ ಷರತ್ತುಗಳಲ್ಲಿ ಕೇವಲ 100 ದಿರ್‌ಹಮ್ ತೆಗೆದರೆ ಖಾತೆಯಿಂದ 3,021.49 ರೂಪಾಯಿ ಹೋಗುತ್ತದೆ. ಹೆಚ್ಚುವರಿ ಹೊರೆ ಶೇ. 31ನ್ನು ಮೀರುತ್ತದೆ. ನಿಗದಿತ ಶುಲ್ಕಗಳು ಮೊತ್ತ ಚಿಕ್ಕದಾದಷ್ಟೂ ಭಾರವಾಗುತ್ತವೆ. ಮಿತವ್ಯಯವೆಂದು ಎಣಿಸಿ ದಿನವೂ ಸ್ವಲ್ಪಸ್ವಲ್ಪವೇ ಹಣ ತೆಗೆಯುವವರು ವಾಸ್ತವವಾಗಿ ಹೆಚ್ಚು ಕಳೆದುಕೊಳ್ಳುತ್ತಾರೆ.

ಪರದೆಯ ಮೇಲಿನ ಪ್ರಶ್ನೆ

ಅನೇಕರು ಎಡವುವುದು ಇನ್ನೊಂದು ಹಂತದಲ್ಲಿ. ಕಾರ್ಡು ಭಾರತದ್ದೆಂದು ಗುರುತಿಸಿದ ಕೆಲವು ಯಂತ್ರಗಳು ಮೊತ್ತವನ್ನು ರೂಪಾಯಿಯಲ್ಲೇ ತೋರಿಸಿ, ಈ ದರಕ್ಕೆ ಒಪ್ಪಿಗೆಯೇ ಎಂದು ಕೇಳುತ್ತವೆ. ಪರಭಾಷೆಯ ಪರದೆಯಲ್ಲಿ ಪರಿಚಿತ ನಾಣ್ಯದ ಹೆಸರು ಕಂಡಾಗ ಮನಸ್ಸಿಗೆ ನೆಮ್ಮದಿಯಾಗುವುದು ಸಹಜ. ಆದರೆ ಒಪ್ಪಿಕೊಂಡರೆ ಪರಿವರ್ತನೆಯು ಕಾರ್ಡು ಜಾಲದ ದರದಲ್ಲಿ ನಡೆಯದೆ ಯಂತ್ರದ ಕಡೆಯವರು ನಿಗದಿ ಮಾಡಿದ ದರದಲ್ಲಿ ನಡೆಯುತ್ತದೆ. ಆ ದರದಲ್ಲಿ ಅವರ ಲಾಭಾಂಶವೂ ಸೇರಿರುತ್ತದೆ. ಮೇಲಿನ ಉದಾಹರಣೆಯಲ್ಲಿ ಯಂತ್ರವು ದಿರ್‌ಹಮ್‌ಗೆ 25.50 ರೂಪಾಯಿ ಎಂದು ತೋರಿಸಿದರೆ 520 ದಿರ್‌ಹಮ್‌ಗೆ 13,260 ರೂಪಾಯಿ ಆಗುತ್ತದೆ. ಇದು ಎಲ್ಲ ಶುಲ್ಕಗಳನ್ನೂ ಸೇರಿಸಿ ಬಂದ ಮೊದಲಿನ ಮೊತ್ತಕ್ಕಿಂತಲೂ ಅಧಿಕ. ಇದರ ಮೇಲೆ ತಾಯ್ನಾಡಿನ ಬ್ಯಾಂಕು ತನ್ನ ಶುಲ್ಕವನ್ನೂ ವಿಧಿಸಬಹುದು.

ಇಲ್ಲಿ ‘ಡಿಕ್ಲೈನ್’ ಅಥವಾ ‘ವಿದೌಟ್ ಕನ್ವರ್ಶನ್’ ಎಂಬ ಗುಂಡಿಯನ್ನು ಆರಿಸುವುದು ಸಾಮಾನ್ಯವಾಗಿ ಲಾಭಕರ. ನಿರಾಕರಿಸಿದರೆ ಹಣವೇ ಬಾರದೆಂಬ ಭಯದಿಂದ ಅನೇಕರು ಒಪ್ಪಿಗೆಯ ಗುಂಡಿಯನ್ನು ಒತ್ತಿಬಿಡುತ್ತಾರೆ. ನಿರಾಕರಣೆಯು ಯಂತ್ರದ ವಿನಿಮಯ ದರಕ್ಕೆ ಮಾತ್ರ ಅನ್ವಯಿಸುತ್ತದೆ. ಸ್ಥಳೀಯ ಕರೆನ್ಸಿಯಲ್ಲಿ ಲೆಕ್ಕವಾಗಿ ಹಣ ಬರುತ್ತದೆ. ಆದರೆ ಯಂತ್ರದ ಶುಲ್ಕವನ್ನು ತಿಳಿಸುವ ಪರದೆ ಬೇರೆಯದು. ಅದನ್ನು ನಿರಾಕರಿಸಿದರೆ ವ್ಯವಹಾರವೇ ರದ್ದಾಗುತ್ತದೆ. ಈ ಎರಡು ಪ್ರಶ್ನೆಗಳ ನಡುವಿನ ಭೇದವನ್ನು ಓದಿ ತಿಳಿಯುವುದು ಮುಖ್ಯ.

ಹೊರಡುವ ಮುನ್ನ

ಭಾರತೀಯ ರಿಸರ್ವ್ ಬ್ಯಾಂಕು 2020ರಲ್ಲಿ ಜಾರಿಗೆ ತಂದ ನಿಯಮದಂತೆ ಹೊಸ ಕಾರ್ಡುಗಳು ಆರಂಭದಲ್ಲಿ ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳ ಬಳಕೆಗೆ ಮಾತ್ರ ತೆರೆದಿರುತ್ತವೆ. ಹೊರದೇಶದ ಬಳಕೆಗೆ ಗ್ರಾಹಕರೇ ಅನುಮತಿ ನೀಡಿ ಮಿತಿಯನ್ನು ನಿಗದಿಪಡಿಸಬೇಕು. ಇದಕ್ಕೆ ಬೇಕಾಗುವ ಒಟಿಪಿ ನೋಂದಾಯಿತ ಮೊಬೈಲಿಗೆ ಬರುವುದರಿಂದ ಈ ಕೆಲಸವನ್ನು ಊರಿನಲ್ಲಿಯೇ ಮುಗಿಸುವುದು ಕ್ಷೇಮ. ದೇಶದೊಳಗಿನ ಬಳಕೆಗಷ್ಟೇ ನೀಡಲಾದ ರುಪೇ ಕಾರ್ಡುಗಳೂ ಇರುವುದರಿಂದ ಕಾರ್ಡಿನ ಬಗೆಯನ್ನು ಬ್ಯಾಂಕಿನಲ್ಲಿ ವಿಚಾರಿಸಬೇಕು. ಕಾರ್ಡು ಕೈಕೊಟ್ಟರೆ ಆಸರೆಯಾಗುವಂತೆ ಸ್ವಲ್ಪ ವಿದೇಶಿ ನೋಟುಗಳನ್ನು ಜೊತೆಗಿಟ್ಟುಕೊಳ್ಳುವುದು ಒಳಿತು. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಸಾಮಾನ್ಯವಾಗಿ ಆ ದಿನದಿಂದಲೇ ಬಡ್ಡಿ ಆರಂಭವಾಗುತ್ತದೆ.

ಉದ್ಯೋಗಕ್ಕಾಗಿ ಹೋಗುವವರು ಇನ್ನೊಂದು ನಿಯಮವನ್ನು ಅರಿತಿರಬೇಕು. ವಿದೇಶಿ ವಿನಿಮಯ ಕಾನೂನಿನಂತೆ ಅನಿವಾಸಿಯಾದವರ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಊರಿನ ಕಾರ್ಡು ಮೊದಲ ವಾರಗಳ ಆಸರೆಯೇ ಹೊರತು ಶಾಶ್ವತ ವ್ಯವಸ್ಥೆಯಲ್ಲ.

ತೊಂದರೆಯಾದಾಗ

ಖಾತೆಯಿಂದ ಹಣ ಕಳೆದು ನೋಟುಗಳು ಬಾರದಿದ್ದಲ್ಲಿ, ದೇಶದೊಳಗಿನ ಎಟಿಎಂ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕಿನ 2019ರ ಆದೇಶವು ಐದು ದಿನಗಳ ಗಡುವನ್ನೂ, ಆ ಬಳಿಕದ ವಿಳಂಬಕ್ಕೆ ದಿನಕ್ಕೆ 100 ರೂಪಾಯಿ ಪರಿಹಾರವನ್ನೂ ಗೊತ್ತುಪಡಿಸಿದೆ. ಹೊರದೇಶದ ಯಂತ್ರಗಳಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ದೂರು ಕಾರ್ಡು ಜಾಲದ ನಿಯಮದಂತೆ ಸಾಗುತ್ತದೆ. ಆದಕಾರಣ ಯಂತ್ರದ ಚೀಟಿ, ಸ್ಥಳ, ದಿನಾಂಕ ಮತ್ತು ಸಮಯಗಳನ್ನು ಕಾಪಾಡಿಕೊಂಡು, ಕಾರ್ಡು ನೀಡಿದ ಬ್ಯಾಂಕಿಗೆ ಕೂಡಲೇ ಲಿಖಿತ ದೂರು ಸಲ್ಲಿಸಬೇಕು. ಕಾರ್ಡು ಕಳೆದುಹೋದರೆ ಮೊದಲು ಅದನ್ನು ಸ್ಥಗಿತಗೊಳಿಸಬೇಕು.

ತರಗತಿಯಲ್ಲಿ

ಶಿಕ್ಷಕರು ಮೇಲಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ, 200 ಮತ್ತು 1,000 ದಿರ್‌ಹಮ್‌ಗಳಿಗೆ ಹೊರೆಯ ಶೇಕಡಾವಾರನ್ನು ಮಕ್ಕಳಿಂದಲೇ ಕಂಡುಹಿಡಿಸಬಹುದು. ಕೊಲ್ಲಿಯ ಸಂಪರ್ಕವಿಲ್ಲದ ಊರುಗಳಲ್ಲಿ ನೇಪಾಳದ ಯಾತ್ರೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 100 ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ ಎಂಬ ಸ್ಥಿರ ದರವು ಅನುಪಾತದ ಪಾಠಕ್ಕೆ ಒದಗುತ್ತದೆ. ಬಳಿಕ ಎಟಿಎಂ ಪರದೆಯ ಚಿತ್ರ ಬರೆದು, ಪ್ರತಿ ಇಂಗ್ಲಿಷ್ ಪದದ ಅರ್ಥವನ್ನು ಕನ್ನಡದಲ್ಲಿ ವಿವರಿಸುವಂತೆ ಹೇಳಬಹುದು. ಮನೆಯ ಖಾತೆಯ ವಿವರವನ್ನಾಗಲಿ ಪಿನ್ ಸಂಖ್ಯೆಯನ್ನಾಗಲಿ ಮಕ್ಕಳಿಂದ ಕೇಳಕೂಡದು. ತನ್ನ ಭಾಷೆಯಲ್ಲಿ ಲೆಕ್ಕವನ್ನು ಅರ್ಥಮಾಡಿಕೊಂಡ ವಿದ್ಯಾರ್ಥಿಯು ಮುಂದೆ ಯಾವ ಭಾಷೆಯ ಪರದೆಯ ಮುಂದೆ ನಿಂತರೂ ಗುಂಡಿ ಒತ್ತುವ ಮೊದಲು ದರವನ್ನು ನೋಡುತ್ತಾನೆ ಅಥವಾ ನೋಡುತ್ತಾಳೆ. ಈ ಪಾಠದ ನಿರೀಕ್ಷಿತ ಫಲಿತಾಂಶ ಇದೇ ಆಗಿದೆ.