ರೇಸಿನ ಕಾರು ಊರ ರಸ್ತೆಗಲ್ಲ

ನಮ್ಮ ಕೈವಾರದಲ್ಲಿ ಶನಿವಾರ ಸಂಜೆ ಎಂದರೆ ಬೆಂಗಳೂರಿನಿಂದ ಮಕ್ಕಳು ಮನೆಗೆ ಬರುವ ಹೊತ್ತು. ಮುದ್ದೆಗೆ ಎಸರಿಟ್ಟು ನಾವು ಅಮ್ಮಂದಿರು ಬಾಗಿಲ ಕಡೆಗೇ ಕಿವಿಗೊಟ್ಟಿರುತ್ತೇವೆ. ಅಂಥ ಒಂದು ಸಂಜೆ ಬೀದಿಯ ತುದಿಯಲ್ಲಿ ಗುಂಡು ಹಾರಿದಂತೆ ಸದ್ದಾಯಿತು. ಪಕ್ಕದ ಮನೆ ಅಜ್ಜಿ, "ಟ್ರಾನ್ಸ್‌ಫಾರ್ಮರ್ ಸಿಡೀತೇನೇ?" ಎನ್ನುತ್ತಾ ಹೊರಗೆ ಬಂದರು. ಬಂದದ್ದು ನನ್ನ ಮಗನ ಕಾರು.

ಸೋದರಿಯರೇ, ತಪ್ಪು ಶುರುವಾದದ್ದು ನನ್ನಿಂದಲೇ. ಹಳೇ ಕಾರೊಂದನ್ನು ಕೊಂಡಿದ್ದ ಮಗ, "ಅಮ್ಮಾ, ಸ್ವಲ್ಪ ರಿಪೇರಿ ಇದೆ" ಎಂದಿದ್ದ. ಚೀಟಿ ಎತ್ತಿದ 40 ಸಾವಿರವನ್ನು ಯಜಮಾನರಿಗೂ ಹೇಳದೆ ಅವನ ಕೈಗಿಟ್ಟಿದ್ದೆ. ಅವನು ಮಾಡಿಸಿದ್ದು ರಿಪೇರಿಯಲ್ಲ, ರೇಸಿನ ವೇಷ. ಸೈಲೆನ್ಸರ್ ಬದಲಾಗಿತ್ತು. ಕಾರು ನೆಲಕ್ಕೆ ನಾಲ್ಕು ಬೆರಳಷ್ಟು ಎತ್ತರಕ್ಕೆ ಇಳಿದಿತ್ತು. ಭಾರ ಕಡಿಮೆಯಾಗಲಿ ಎಂದು ಹಿಂದಿನ ಸೀಟನ್ನೂ ಕಿತ್ತಿದ್ದರು. ಮಾರನೇ ದಿನ ಚಿಂತಾಮಣಿಯಲ್ಲಿ ಗೃಹಪ್ರವೇಶ. ಸೀಟಿಲ್ಲದ್ದರಿಂದ ಅವರಪ್ಪ ಬಸ್ಸಿಗೆ ಹೋದರು, ನಾನು ಮಗನ ಪಕ್ಕ ಕೂತೆ.

ಸಂಕ್ರಾಂತಿಗೆ ಮುಂಚಿನ ದಿನಗಳಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಒಣಗಿದ ಹುರುಳಿ ಬಳ್ಳಿಯನ್ನು ಹರಡಿರುತ್ತಾರೆ, ಗಾಡಿಗಳು ಓಡಾಡಿ ಕಾಳು ಉದುರುತ್ತದೆ. ಮಗ ಅದರ ಮೇಲೇ ನುಗ್ಗಿಸಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ವಾಸನೆ, ಆಮೇಲೆ ಕಾಲ ಹತ್ತಿರ ಹೊಗೆ. ಹುರುಳಿ ಸೆತ್ತೆ ಕಾರಿನಡಿ ಸುತ್ತಿಕೊಂಡು, ಕಾದ ಕೊಳವೆಗೆ ತಾಗಿ ಹೊತ್ತಿಕೊಂಡಿತ್ತು. ಮಗನ ಸೊಂಟಕ್ಕೂ ಹೆಗಲಿಗೂ ರೇಸಿನ ಬೆಲ್ಟು ಬೇರೆ, ಬಿಚ್ಚಲು ಅವನ ಕೈ ನಡುಗುತ್ತಿತ್ತು. ಆ ಗಳಿಗೆ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಹೊಲದವರು ಓಡಿ ಬಂದು ಮಣ್ಣೆರಚಿ ಆರಿಸಿದರು. ಕೈವಾರ ತಾತಯ್ಯನ ದಯೆ, ಇಬ್ಬರೂ ಉಳಿದೆವು.

ಮಾಮೂಲಿ ಕಾರುಗಳಿಗೂ ಹೀಗೆ ಬೆಂಕಿ ಹತ್ತಿದ್ದುಂಟು. ರಸ್ತೆಯಲ್ಲಿ ಒಕ್ಕಣೆ ಮಾಡುವುದೂ ತಪ್ಪೇ. ಆದರೆ ಕಾರನ್ನು ನೆಲಕ್ಕಿಳಿಸಿ, ಬಿಸಿ ಕೊಳವೆಗಿದ್ದ ತಗಡಿನ ಮರೆಯನ್ನೂ ತೆಗೆಸಿ, ನಾವು ಬೆಂಕಿಯನ್ನು ಕರೆದು ಕೂರಿಸಿಕೊಂಡಿದ್ದೆವು.

ಚಿಂತಾಮಣಿಯ ಹಳೇ ಮೆಕ್ಯಾನಿಕ್ ಒಬ್ಬರು ಕಾರು ನೋಡಿ, "ಅಮ್ಮಾ, ರೇಸಿನಲ್ಲಿ ಪ್ರಾಣ ಉಳಿಸೋ ಸಾಮಾನೇ ಊರಲ್ಲಿ ಪ್ರಾಣ ತೆಗೆಯುತ್ತೆ" ಎಂದು ಬಿಡಿಸಿ ಹೇಳಿದರು. ರೇಸಿನ ಗೀರಿಲ್ಲದ ಟೈರು ಒಣ ನೆಲದಲ್ಲಿ ಬಿಗಿಯಾಗಿ ಹಿಡಿಯುತ್ತದೆ, ಮಳೆಯಲ್ಲಿ ಸೋಪಿನಂತೆ ಜಾರುತ್ತದೆ. ರೇಸಿನ ಬ್ರೇಕು ಚೆನ್ನಾಗಿ ಕಾದ ಮೇಲೆಯೇ ಕೆಲಸ ಮಾಡುವುದು. ಕಾಯದ ಹೆಂಚಿನಲ್ಲಿ ದೋಸೆ ಏಳುವುದಿಲ್ಲವಲ್ಲ, ಹಾಗೆ. ಕಾರಿನೊಳಗೆ ಕಟ್ಟುವ ಕಬ್ಬಿಣದ ಪೈಪುಗಳ ಪಂಜರ ಹೆಲ್ಮೆಟ್ ಹಾಕಿದವನನ್ನು ಕಾಯುತ್ತದೆ, ಬರೀ ತಲೆಯವನಿಗೆ ಅದೇ ಬಡಿಯುತ್ತದೆ.

ವೇಗದ ಲೆಕ್ಕವನ್ನೂ ಕೇಳಿ. ಗಂಟೆಗೆ 100 ಕಿಲೋಮೀಟರಿನಲ್ಲಿ ಹೋಗುವ ಕಾರು ನಾವು ಕಣ್ಣು ಮಿಟುಕಿಸಿ ನೋಡುವ ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ದಾಟಿರುತ್ತದೆ. ವೇಗ ಎರಡರಷ್ಟಾದರೆ, ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟು. ಅಷ್ಟರಲ್ಲಿ ಹಸುವೋ ಶಾಲೆಯ ಮಗುವೋ ಅಡ್ಡ ಬಂದರೆ?

ಹಾಗಾದರೆ ರೇಸೇ ಕೆಟ್ಟದ್ದೇ? ಖಂಡಿತ ಅಲ್ಲ. ತೇರೆಳೆಯುವ ದಿನ ಬೀದಿ ಖಾಲಿ ಮಾಡಿಸುತ್ತೇವಲ್ಲ, ರೇಸಿಗೂ ಅದೇ ಕ್ರಮ. ಹಿಂದೆ ಮದರಾಸಿನ ಹತ್ತಿರ ಶೋಲಾವರಂನ ಹಳೇ ವಿಮಾನಪಟ್ಟಿಯಲ್ಲಿ ರೇಸು ನಡೆಯುತ್ತಿತ್ತು. ಈಗ ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈಯಲ್ಲೂ ಕೊಯಮತ್ತೂರಿನಲ್ಲೂ ಅದಕ್ಕೆಂದೇ ದಾರಿಗಳಿವೆ. 2024ರ ಆಗಸ್ಟ್ ಕೊನೆಯಲ್ಲಿ ಚೆನ್ನೈ ನಗರದ ಬೀದಿಯಲ್ಲೇ ರಾತ್ರಿ ರೇಸು ನಡೆಯಿತು. ಆದರೆ ಜನಸಂಚಾರ ನಿಲ್ಲಿಸಿ, ಎರಡೂ ಕಡೆ ಗೋಡೆ ಕಟ್ಟಿದ ಮೇಲೆ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿಯಂಥ ಪಂದ್ಯಗಳಲ್ಲಿ ವೇಗದ ಸ್ಪರ್ಧೆ ಮುಚ್ಚಿದ ದಾರಿಯಲ್ಲಿ ಮಾತ್ರ. ನಡುವಿನ ಊರ ರಸ್ತೆಯಲ್ಲಿ ಆ ಕಾರುಗಳೂ ಎಲ್ಲರಂತೆ ನಿಯಮ ಪಾಲಿಸಬೇಕು. ಗೊತ್ತಾದ ಹೊತ್ತಿಗಿಂತ ಬೇಗ ತಲುಪಿದರೂ ದಂಡ!

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಅಕ್ರಮ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪ್ರಾಪ್ತ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಹೆತ್ತವರಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೂ ಇಲ್ಲ.

ನಾನು ಕಲಿತ ನಾಲ್ಕು ಮಾತು ಇವು:

• ಗಾಡಿ ರಿಪೇರಿಗೆ ದುಡ್ಡು ಕೇಳಿದರೆ ಯಾವ ರಿಪೇರಿ ಎಂದು ಕೇಳಿ, ರಸೀದಿ ನೋಡಿ. ಯಜಮಾನರಿಂದ ಮುಚ್ಚಿಡಬೇಡಿ.

• ವಿಮೆ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆಯಿಂದ ಪರಿಹಾರಕ್ಕೆ ತಕರಾರು ಬರಬಹುದು.

• ಹುರುಳಿ ಸೆತ್ತೆಯ ಮೇಲೆ ಕಾರು ಹೋಗುವುದು ಬೇಡ. ಹೊಗೆ ಕಂಡರೆ ಇಂಜಿನ್ ನಿಲ್ಲಿಸಿ, ಎಲ್ಲರೂ ಇಳಿದು ದೂರ ಹೋಗಿ 112ಕ್ಕೆ ಫೋನು ಮಾಡಿ. ಬಾನೆಟ್ ತೆರೆಯಬೇಡಿ.

• ಮಗನಿಗೆ ರೇಸಿನ ಆಸೆ ಇದ್ದರೆ ಗದರಿಸಬೇಡಿ. ಕಲಿಸುವ ಜಾಗಕ್ಕೆ ಕಳಿಸಿ.

ಮಗನನ್ನು ನಾನು ಬೈಯಲಿಲ್ಲ. ಅವನೇ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಕಾರನ್ನು ಮೊದಲಿನಂತೆ ಮಾಡಿಸಲು ಅವನ ಮೂರು ತಿಂಗಳ ಉಳಿತಾಯ ಹೋಯಿತು. ಚೀಟಿ ದುಡ್ಡಿನ ವಿಷಯವನ್ನು ನಾನೂ ಯಜಮಾನರಿಗೆ ಹೇಳಿ ಹಗುರಾದೆ. ಈಗ ಶನಿವಾರ ಸಂಜೆ ಕಾರು ಬಂದದ್ದೇ ತಿಳಿಯುವುದಿಲ್ಲ. "ಅಮ್ಮಾ, ಹಸಿವು" ಎಂದು ಬಾಗಿಲಲ್ಲಿ ನಿಂತಾಗಲೇ ಗೊತ್ತಾಗುವುದು. ಹಿಂದಿನ ಸೀಟೂ ಬಂದಿದೆ. ಅವರಪ್ಪ ಅದರಲ್ಲಿ ಕೂತು ಆರಾಮಾಗಿ ನಿದ್ದೆ ಮಾಡುತ್ತಾರೆ.